ತೀರ್ಥಹಳ್ಳಿಯ ಅಂಗಳದಲ್ಲಿ ಫೆಸ್ಕ್ಯೂ ಹುಲ್ಲು: ಕೊಳೆತ ಲಾನ್ ರಿಪೇರಿ

ಮೊದಲೇ ಹೇಳಿಬಿಡುತ್ತೇನೆ, ಟಾಲ್ ಫೆಸ್ಕ್ಯೂ ನಮ್ಮ ಕಡೆಯ ಹುಲ್ಲಲ್ಲ. ಚಳಿ ಸೀಮೆಯದು. ಹವೆ 15ರಿಂದ 24 ಡಿಗ್ರಿ ಇದ್ದಾಗ ಚೆನ್ನಾಗಿ ಚಿಗುರುತ್ತದೆ, ಬೇರಿಗೆ ಅದಕ್ಕಿಂತಲೂ ತಂಪು ಬೇಕು. ಆದರೂ ನಮ್ಮ ಅಕ್ಕನ ಮನೆ ಅಂಗಳದಲ್ಲಿ ಅದೇ ಇದೆ. ಭಾವ ತುಂಬ ವರ್ಷ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಇದ್ದು ಬಂದವರು, ಅಲ್ಲಿ ಮನೆ ಮುಂದೆ ಈ ಹುಲ್ಲನ್ನು ಕೈಯಾರೆ ಬೆಳೆಸಿದ್ದರು, ಊರಿಗೆ ಬಂದು ಮನೆ ಕಟ್ಟಿದ ಮೇಲೂ ಅದೇ ಬೇಕು ಅಂತ ಆಸೆಪಟ್ಟು ಹಾಕಿಸಿದ್ದು. ಮನೆ ಇರುವುದು ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೋಗುವ ದಾರಿಯಲ್ಲಿ. ಹಿಂದೆ ಅಡಿಕೆ ತೋಟ, ಕೆಳಗೆ ಒಂದು ಸಣ್ಣ ಹಳ್ಳ. ಮೊದಲ ಮಳೆಗಾಲದಲ್ಲೇ ಹುಲ್ಲು ತೇಪೆ ತೇಪೆಯಾಗಿ ಕೊಳೆಯಿತು. ಅದನ್ನು ಸರಿ ಮಾಡಿದ್ದು ಹೇಗೆ, ಯಾವುದು ಉಳಿಯಿತು, ಯಾವ ಜಾಗದಲ್ಲಿ ಈ ಹುಲ್ಲನ್ನು ಬಿಟ್ಟೇಬಿಟ್ಟೆವು ಅಂತ ಬರೆಯುತ್ತಿದ್ದೇನೆ. ಶಿವಮೊಗ್ಗ, ಸಾಗರ, ಹೊಸನಗರ ಕಡೆ ಯಾರಾದರೂ ಬೀಜ ತರಿಸುವ ಯೋಚನೆಯಲ್ಲಿದ್ದರೆ ದುಡ್ಡು ಹಾಕುವ ಮುಂಚೆ ಓದಿ.

ಈ ಹುಲ್ಲಿನ ಬಗ್ಗೆ ಸ್ವಲ್ಪ ಗೊತ್ತಿದ್ದರೆ ಮುಂದಿನ ಕೆಲಸವೆಲ್ಲ ಅರ್ಥ ಆಗುತ್ತದೆ. ಅಮೆರಿಕದಲ್ಲಿ ಇದು ಹೆಸರು ಮಾಡಿದ್ದು ಕೆಂಟಕಿ 31 ಅನ್ನುವ ತಳಿಯಿಂದ. 1931ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಇ. ಎನ್. ಫರ್ಗಸ್ ಒಂದು ಗುಡ್ಡದ ಜಮೀನಿನಲ್ಲಿ ಇದನ್ನು ಗುರುತಿಸಿದರು, 1943ರಲ್ಲಿ ತಳಿ ಅಂತ ಬಿಡುಗಡೆಯಾಯಿತು. ದನದ ಮೇವಿಗೆ, ಮಣ್ಣು ಕೊಚ್ಚಿ ಹೋಗದ ಹಾಗೆ ಹಿಡಿಯಲಿಕ್ಕೆ ಅಂತ ಹಾಕಿದ್ದು, ಆಮೇಲೆ ಅಂಗಳಕ್ಕೂ ಬಂತು. ಈಗ ಲಾನಿಗೆ ಅಂತಲೇ ಸಣ್ಣ ಎಲೆಯ ತಳಿಗಳಿವೆ. ಚಳಿ ಸೀಮೆಯ ಹುಲ್ಲುಗಳ ಪೈಕಿ ಸೆಕೆಯನ್ನು ಚೆನ್ನಾಗಿ ತಡೆಯುವುದು ಇದೇ, ಯಾಕೆಂದರೆ ಬೇರು ಎರಡು ಮೂರು ಅಡಿ ಆಳಕ್ಕೆ ಇಳಿಯುತ್ತದೆ. ಆದರೆ ಮಣ್ಣು ಬಿಟ್ಟರೆ ತಾನೇ ಇಳಿಯುವುದು?

ಇನ್ನೊಂದು ಗುಣ ನೆನಪಿಡಬೇಕು. ಇದು ಗರಿಕೆಯ ಹಾಗೆ ಹಬ್ಬುವುದಿಲ್ಲ. ಬುಡದಲ್ಲೇ ಕವಲೊಡೆದು ದಪ್ಪ ಆಗುತ್ತದೆ, ಅಷ್ಟೆ. ಒಂದು ಕಡೆ ಸತ್ತರೆ ಪಕ್ಕದ ಬುಡ ಬಂದು ಮುಚ್ಚುತ್ತದೆ ಅಂತ ಕಾಯಬೇಡಿ. ಖಾಲಿಯಾದ ಜಾಗಕ್ಕೆ ಬೀಜವನ್ನೇ ಹಾಕಬೇಕು. ನಾರ್ತ್ ಕೆರೊಲಿನಾದಲ್ಲೂ ಜನ ಬೇಸಿಗೆ ಕಳೆದ ಮೇಲೆ, ಸೆಪ್ಟೆಂಬರ್ ಆಸುಪಾಸಿನಲ್ಲಿ, ಮೇಲಿಂದ ಬೀಜ ಚೆಲ್ಲುತ್ತಾರೆ. ಭಾವ ಅಲ್ಲಿ ಮಾಡುತ್ತಿದ್ದದ್ದೂ ಅದನ್ನೇ.

ಆಗಸ್ಟಿನಲ್ಲಿ ನಾನು ಹೋಗಿ ನೋಡಿದಾಗ ಅಂಗಳದ ತುಂಬ ಕಂದು ವೃತ್ತಗಳು. ಕೆಲವು ತಟ್ಟೆಯಷ್ಟು, ಕೆಲವು ಮೊರಕ್ಕಿಂತ ದೊಡ್ಡವು. ಎಲೆ ಕಿತ್ತು ಬೆಳಕಿಗೆ ಹಿಡಿದರೆ ಮಧ್ಯೆ ಒಣಹುಲ್ಲಿನ ಬಣ್ಣದ ಮಚ್ಚೆ, ಸುತ್ತ ಗಾಢ ಕಂದು ಅಂಚು. ಬೆಳಿಗ್ಗೆ ಬೇಗ ಹೋಗಿ ನೋಡಿದರೆ ಎಲೆಗಳ ನಡುವೆ ತೆಳ್ಳಗೆ ಬಿಳಿ ಎಳೆ. ಇದು ಬ್ರೌನ್ ಪ್ಯಾಚ್. ಮಾಡುವುದು ರೈಜಾಕ್ಟೋನಿಯಾ ಅನ್ನುವ ಶಿಲೀಂಧ್ರ. ನಮಗೆ ಇದು ಹೊಸತೇನಲ್ಲ, ಭತ್ತದ ಗದ್ದೆಯಲ್ಲಿ ಶೀತ್ ಬ್ಲೈಟ್ ಅನ್ನುವ ರೋಗ ಮಾಡುವುದೂ ರೈಜಾಕ್ಟೋನಿಯಾವೇ.

ಅದಕ್ಕೆ ಬೇಕಾದ್ದು ಎರಡೇ. ರಾತ್ರಿ 20 ಡಿಗ್ರಿಗಿಂತ ಇಳಿಯದ ಹವೆ, ಹತ್ತು ಹನ್ನೆರಡು ಗಂಟೆ ಒದ್ದೆಯಾಗಿಯೇ ಇರುವ ಎಲೆ. ಜುಲೈ, ಆಗಸ್ಟಿನಲ್ಲಿ ತೀರ್ಥಹಳ್ಳಿಯ ರಾತ್ರಿ ಹೇಗಿರುತ್ತದೆ ಹೇಳಿ? ಹೆಚ್ಚುಕಡಿಮೆ ಅಷ್ಟೇ. ಎಲೆ ಹನ್ನೆರಡು ಗಂಟೆ ಯಾಕೆ, ವಾರಗಟ್ಟಲೆ ಒಣಗುವುದಿಲ್ಲ. ಮೇಲೆ ಮೋಡ, ಬಿಸಿಲಿಲ್ಲ. ಬಯಲುಸೀಮೆಯಲ್ಲಿ ಈ ಹುಲ್ಲು ಬಿಸಿಲಿಗೆ ಸಾಯಬಹುದು, ಮಲೆನಾಡಿನಲ್ಲಿ ಅದನ್ನು ಕೊಲ್ಲುವುದು ಬಿಸಿಲಲ್ಲ. ಬೆಚ್ಚಗಿನ ರಾತ್ರಿ ಮತ್ತು ನಿಂತ ನೀರು. ಇದು ತಲೆಗೆ ಹೊಕ್ಕರೆ ಸಾಕು, ಉಳಿದ ಕೆಲಸವೆಲ್ಲ ಇದರ ಮೇಲೆಯೇ ನಿಲ್ಲುತ್ತದೆ.

ತೋಟದ ಕೆಲಸಕ್ಕೆ ಬರುವ ಅಣ್ಣ ಒಬ್ಬರಿದ್ದಾರೆ, ಅಡಿಕೆಗೆ ಔಷಧಿ ಹೊಡೆಯುವುದರಲ್ಲಿ ಪಳಗಿದ ಕೈ. "ಕೊಳೆಗೆ ಹೊಡೆದ ಬೋರ್ಡೋ ಉಳಿದಿದೆ, ಇದಕ್ಕೂ ಒಂದು ಸಲ ಹೊಡೆದುಬಿಡಲಾ?" ಅಂತ ಕೇಳಿದರು. ಬೇಡ ಅಂದೆ. ಅಡಿಕೆಯ ಕೊಳೆರೋಗ ಫೈಟಾಫ್ತೊರಾ ಅನ್ನುವ ಇನ್ನೊಂದು ರೋಗಾಣುವಿನಿಂದ ಬರುವುದು, ಇದು ಬೇರೆ. ಬೋರ್ಡೋದಲ್ಲಿರುವ ತಾಮ್ರ ಹುಲ್ಲಿನ ಎಳೆ ಎಲೆಯನ್ನು ಸುಡಬಹುದು, ಮಣ್ಣಿನಲ್ಲಿ ಸೇರಿಕೊಂಡೂ ಹೋಗುತ್ತದೆ. ಬ್ರೌನ್ ಪ್ಯಾಚಿಗೆ ಅಜಾಕ್ಸಿಸ್ಟ್ರೋಬಿನ್ ಕೆಲಸ ಮಾಡುತ್ತದೆ ನಿಜ. ಆದರೆ ಬಿಡದೆ ಮಳೆ ಬರುವ ವಾರದಲ್ಲಿ ಯಾವುದನ್ನು ಹೊಡೆದರೂ ತೊಳೆದು ಹೋಗುತ್ತದೆ, ನೀರು ನಿಲ್ಲುವ ಜಾಗ ಹಾಗೇ ಇದ್ದರೆ ರೋಗ ಮತ್ತೆ ಬರುತ್ತದೆ. ಹಾಗಾಗಿ ಔಷಧಿ ಆಮೇಲೆ, ಮೊದಲು ನೀರಿನ ದಾರಿ ನೋಡೋಣ ಅಂತ ಶುರು ಮಾಡಿದೆವು.

ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೆ ತುಂಬಿಸಿ ಅಳೆಯಬೇಕು. ಎರಡನೇ ಸಲದ ನೀರು ಗಂಟೆಗೆ ಒಂದು ಇಂಚು ಕೂಡ ಇಳಿಯದಿದ್ದರೆ ಆ ಜಾಗ ಲಾನಿಗೆ ಆಗುವುದಿಲ್ಲ. ನಮ್ಮ ಗುಂಡಿಯಲ್ಲಿ ಬೆಳಿಗ್ಗೆ ತುಂಬಿಸಿದ್ದು ಸಂಜೆಯೂ ಇತ್ತು. ಅಗೆದಾಗ ಕಾರಣ ಸಿಕ್ಕಿತು. ಮನೆ ಕಟ್ಟುವಾಗ ಜೆಸಿಬಿ, ಟಿಪ್ಪರ್ ಓಡಾಡಿದ ಜಾಗ ಅದು. ಕೆಳಗೆ ಜಂಬಿಟ್ಟಿಗೆ ಚೂರು, ಸಿಮೆಂಟ್ ಗಟ್ಟಿ, ಮಣ್ಣು ಎಲ್ಲ ಒತ್ತಿ ಗಾರೆ ನೆಲದಂತಾಗಿತ್ತು. ಗುತ್ತಿಗೆಯವರು ಅದರ ಮೇಲೆ ನಾಲ್ಕು ಬೆರಳು ಕೆಮ್ಮಣ್ಣು ಹರಡಿ ಬೀಜ ಹಾಕಿ ಹೋಗಿದ್ದರು. ಎರಡು ಅಡಿ ಬೇರು ಬಿಡುವ ಹುಲ್ಲಿಗೆ ನಾಲ್ಕು ಬೆರಳು ಮಣ್ಣು!

ಎರಡನೆಯದು ಮಾಡಿನ ನೀರು. ಹಂಚಿನ ಮಾಡು, ಮುಂದಿನ ಇಳಿಜಾರು ಸುಮಾರು 60 ಚದರ ಮೀಟರ್, ದೋಣಿ ಹಾಕಿಸಿರಲಿಲ್ಲ. ಲೆಕ್ಕ ಹಾಕಿ ನೋಡಿ: ದಿನಕ್ಕೆ 100 ಮಿಲಿಮೀಟರ್ ಮಳೆ ಬಂದರೆ ಅಷ್ಟು ಮಾಡಿನಿಂದಲೇ 6000 ಲೀಟರ್ ನೀರು ಅಂಗಳಕ್ಕೆ ಬೀಳುತ್ತದೆ. ನಮ್ಮಲ್ಲಿ 100 ಮಿಲಿಮೀಟರ್ ಅಂದರೆ ದೊಡ್ಡ ಮಳೆಯೇನಲ್ಲ. ಅಲ್ಲಿಂದ ಘಾಟಿ ಕಡೆ ಹೋದರೆ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತದೆ. ಹಿಂದೆಲ್ಲ ಅಡಿಕೆ ದಂಬೆ ಕಟ್ಟಿ ಮಾಡಿನ ನೀರನ್ನು ದೂರ ಬಿಡುತ್ತಿದ್ದರು, ಹೊಸ ಮನೆಗಳಲ್ಲಿ ಚಂದ ಕಾಣುವುದಿಲ್ಲ ಅಂತ ಅದನ್ನು ಬಿಟ್ಟಿದ್ದಾರೆ. ನಾವು ಅಗಲದ ಪಿವಿಸಿ ದೋಣಿ ಹಾಕಿಸಿ, ಇಳಿಪೈಪನ್ನು ನೇರ ತೋಟದ ಬಸಿಗಾಲುವೆಗೆ ಜೋಡಿಸಿದೆವು. ಇಡೀ ರಿಪೇರಿಯಲ್ಲಿ ಅತೀ ಹೆಚ್ಚು ಉಪಯೋಗ ಆದದ್ದು ಈ ಒಂದು ಕೆಲಸ. ಬೇರೇನೂ ಮಾಡಲು ಆಗದಿದ್ದರೂ ಇದನ್ನು ಮಾಡಿ.

ಅಂಗಳದೊಳಗೆ ಬೀಳುವ ನೀರಿಗೆ ಅಕ್ಟೋಬರಿನಲ್ಲಿ, ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ಅಗಳು ತೆಗೆದೆವು. ಮೇಲಿನ ಅಂಚಿನಿಂದ ಕೆಳಗಿನ ಮೂಲೆಯವರೆಗೆ 12 ಮೀಟರ್ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಆಳ. ಇಳಿಜಾರು ಮೀಟರಿಗೆ ಒಂದು ಸೆಂಟಿಮೀಟರ್, ಅಂದರೆ ಈ ತುದಿಯಿಂದ ಆ ತುದಿಗೆ 12 ಸೆಂಟಿಮೀಟರ್ ಇಳಿಯಬೇಕು. ಇದನ್ನು ಕಣ್ಣಳತೆಯಲ್ಲಿ ಮಾಡಬೇಡಿ, ಗಾರೆಯವರು ಬಳಸುವ ನೀರಿನ ಟ್ಯೂಬ್ ಹಿಡಿದು ಗೂಟ ನೆಟ್ಟು ದಾರ ಕಟ್ಟಿ. ತಳಕ್ಕೆ ಜಿಯೋ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಿ, ಮೇಲೆ 20 ಎಂಎಂ ಜಲ್ಲಿ, ಅದರ ಮೇಲೆ ತೂತು ಕೊರೆದ ನಾಲ್ಕು ಇಂಚಿನ ಪಿವಿಸಿ ಪೈಪು, ತೂತು ಕೆಳಮುಖ. ಪೈಪಿನ ಮೇಲೆ ಮತ್ತೆ ಜಲ್ಲಿ, ಬಟ್ಟೆಯನ್ನು ಎರಡೂ ಕಡೆಯಿಂದ ಮಡಚಿ ಮುಚ್ಚಿ, ಮೇಲಿನ ಆರು ಇಂಚು ಮರಳು ಬೆರೆಸಿದ ಮಣ್ಣು. ಬಟ್ಟೆ ಹಾಕದೆ ಬರೀ ಜಲ್ಲಿ ತುಂಬಿದರೆ ನಮ್ಮ ಕೆಮ್ಮಣ್ಣಿನ ನುಣುಪು ಕೆಲವೇ ಮಳೆಗಾಲದಲ್ಲಿ ಎಲ್ಲ ಸಂದಿಯನ್ನೂ ಕಟ್ಟಿಬಿಡುತ್ತದೆ, ಆಗ ಮತ್ತೆ ಅಗೆಯಬೇಕು. ತುದಿಯನ್ನು ಹಳ್ಳದ ಕಡೆಗೆ ಬಿಟ್ಟು ಬಾಯಿಗೆ ಜಾಲರಿ ಕಟ್ಟಿದ್ದೇವೆ, ಇಲ್ಲದಿದ್ದರೆ ಏಡಿ, ಇಲಿ ಒಳಗೆ ಮನೆ ಮಾಡುತ್ತವೆ.

ಆಮೇಲೆ ಭಾವನ ಹತ್ತಿರ ಒಂದು ಕಷ್ಟದ ಮಾತು ಆಡಬೇಕಾಯಿತು. ಅಂಗಳ ಸುಮಾರು 600 ಚದರ ಅಡಿ. ಮೇಲಿನ ಭಾಗಕ್ಕೆ ಬೆಳಗಿನ ಬಿಸಿಲು ಬೀಳುತ್ತದೆ, ಮಧ್ಯಾಹ್ನದ ನಂತರ ಹಲಸಿನ ಮರದ ನೆರಳು. ಕೆಳಗಿನ ಭಾಗ ಪೂರ್ತಿ ಪಶ್ಚಿಮದ ಬಿಸಿಲಿಗೆ ತೆರೆದಿದೆ, ಮಳೆಗಾಲದಲ್ಲಿ ಒದ್ದೆ ನಿಲ್ಲುವುದೂ ಅಲ್ಲೇ. "ಭಾವ, ಕೆಳಗಿನ 250 ಅಡಿ ಬಿಟ್ಟುಬಿಡಿ, ಅಲ್ಲಿ ಫೆಸ್ಕ್ಯೂ ಆಗಲ್ಲ. ಮೇಲಿನ 350ರಲ್ಲಿ ಮನಸಿಟ್ಟು ಮಾಡೋಣ" ಅಂದೆ. ಅವರಿಗೆ ಬೇಜಾರಾಯಿತು. ಒಂದೇ ಹಸಿರು ಕಂಬಳಿ ಆಗಬೇಕು ಅಂತ ಇತ್ತು ಅವರಿಗೆ. ಅಕ್ಕ ಮಧ್ಯೆ ಬಂದು "ಎರಡು ಹುಲ್ಲು ಇದ್ರೆ ಏನಾಗುತ್ತೆ ಬಿಡಿ, ಮಧ್ಯೆ ಕಲ್ಲು ಹಾಸಿದ್ರೆ ಚೆಂದಾನೇ ಕಾಣತ್ತೆ" ಅಂದಮೇಲೆ ಒಪ್ಪಿದರು.

ಕೆಳಗಿನ ಭಾಗಕ್ಕೆ ಹಾಕಿದ್ದು ಆಕ್ಸೊನೋಪಸ್, ನರ್ಸರಿಯವರು ಬಫೆಲೊ ಗ್ರಾಸ್ ಅಂತ ಮಾರುವ ಅಗಲ ಎಲೆಯದು. ಹುಳಿ ಮಣ್ಣು, ಒದ್ದೆ, ಅರೆನೆರಳು ಎಲ್ಲಕ್ಕೂ ಹೊಂದಿಕೊಳ್ಳುವ ಉಷ್ಣ ಸೀಮೆಯ ಹುಲ್ಲು. ಬಳ್ಳಿ ತುಂಡುಗಳನ್ನು ಗೇಣು ಅಂತರದಲ್ಲಿ ಊರಿದರೆ ತಾನೇ ಹಬ್ಬಿ ಮುಚ್ಚುತ್ತದೆ. ಅದರ ಬಗ್ಗೆ ಇದಕ್ಕಿಂತ ಹೇಳುವಂಥದ್ದಿಲ್ಲ, ಅಷ್ಟು ಸುಲಭ. ಆದರೆ ಆ ಬಳ್ಳಿ ಫೆಸ್ಕ್ಯೂ ಕಡೆಗೂ ಹಬ್ಬುತ್ತದೆ. ಅದಕ್ಕೇ ಎರಡರ ನಡುವೆ ಜಂಬಿಟ್ಟಿಗೆ ಕಲ್ಲನ್ನು ಅರ್ಧ ಅಡಿ ಹೂತು ಗಡಿ ಹಾಕಿದೆವು, ಮೇಲೆ ದಾಟುವ ಬಳ್ಳಿಯನ್ನು ಆಗಾಗ ಕತ್ತಿಯಲ್ಲಿ ಗೀರಿ ತೆಗೆಯಬೇಕು.

ಇನ್ನು ಮೇಲಿನ ಭಾಗದ ಮಣ್ಣು. ಪಿಕಾಸಿ ಹಿಡಿದು ಒಂದು ಅಡಿ ಸಡಿಲ ಮಾಡಿ, ಕಲ್ಲು ಸಿಮೆಂಟು ಎಲ್ಲ ಹೆಕ್ಕಿ ಹಾಕಿದ್ದಾಯಿತು. ಮಣ್ಣು ಪರೀಕ್ಷೆಗೆ ಶಿವಮೊಗ್ಗಕ್ಕೆ ಕಳಿಸಿದ್ದೆವು, ರಸಸಾರ (ಪಿಎಚ್, ಮಣ್ಣಿನ ಹುಳಿಯ ಅಳತೆ) 5.1 ಅಂತ ಬಂತು. ಮಳೆಗೆ ಸುಣ್ಣದಂಶ ತೊಳೆದು ಹೋಗುವ ಮಲೆನಾಡಿನ ಮಣ್ಣಿಗೆ ಇದು ಸಾಮಾನ್ಯ. ಫೆಸ್ಕ್ಯೂಗೆ 6ರಿಂದ 6.5 ಇದ್ದರೆ ಒಳ್ಳೆಯದು. ಡೋಲೊಮೈಟ್ ಸುಣ್ಣ ಹಾಕಿ ಮಣ್ಣಿನಲ್ಲಿ ಬೆರೆಸಿದೆವು, ಅದರಲ್ಲಿ ಮೆಗ್ನೀಸಿಯಂ ಕೂಡ ಸಿಗುತ್ತದೆ. ಅಗೆದು ಬೆರೆಸುವಾಗ ಪರೀಕ್ಷೆಯವರು ಹೇಳಿದಷ್ಟು ಹಾಕಬಹುದು. ಆದರೆ ಹುಲ್ಲು ಇರುವಾಗಲೇ ಮೇಲಿಂದ ಚೆಲ್ಲುವುದಾದರೆ ಒಂದು ಸಲಕ್ಕೆ ಚದರ ಮೀಟರಿಗೆ ಕಾಲು ಕೆಜಿ ದಾಟಬೇಡಿ. ಗೋಡೆಗೆ ಬಳಿಯುವ ಸುಣ್ಣ ಬೇರೆ, ಅದು ಖಾರ, ಹುಲ್ಲು ಸುಡುತ್ತದೆ. ಸುಣ್ಣ ಹಾಕಿದ ಕೂಡಲೇ ಯೂರಿಯಾ ಹಾಕುವುದೂ ಬೇಡ, ಸಾರಜನಕ ಗಾಳಿಗೆ ಹಾರಿಹೋಗುತ್ತದೆ.

ಗೊಬ್ಬರಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಟ್ರ್ಯಾಕ್ಟರ್ ಲೋಡು. ಎರಡು ಇಂಚು ದಪ್ಪ ಹರಡಿ, ಗೇಣುದ್ದ ಆಳದವರೆಗೆ ಬೆರೆಸಿದ್ದು. ಹಿತ್ತಲಲ್ಲಿ ಅಡಿಕೆ ಸಿಪ್ಪೆ ರಾಶಿ ಬಿದ್ದಿತ್ತು, ಅದನ್ನೂ ಹಾಕೋಣ ಅಂದರು ಅಣ್ಣ. ಕಳಿಯದ ಸಿಪ್ಪೆ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಕಳಿಯಲಿಕ್ಕೂ ತುಂಬ ಸಮಯ ಬೇಕು, ಹಾಗಾಗಿ ಅದನ್ನು ತೋಟಕ್ಕೇ ಬಿಟ್ಟೆವು. ಹುಳಿ ಮಣ್ಣು ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಕೊಡುವುದಿಲ್ಲ, ಅದಕ್ಕೆ ಸ್ವಲ್ಪ ರಾಕ್ ಫಾಸ್ಫೇಟ್ ಕೂಡ ಸೇರಿಸಿದೆವು. ಮುಗಿಸುವಾಗ ಮನೆಯ ಕಡೆಯಿಂದ ಹೊರಗೆ ಇಳಿಜಾರು ಇರುವಂತೆ ಹಲಗೆ ಎಳೆದು ಸಮ ಮಾಡಿದ್ದು.

ಬೀಜದ ವಿಷಯ. ಭಾವನ ಸ್ನೇಹಿತರೊಬ್ಬರು ಅಮೆರಿಕದಿಂದ ಬರುವಾಗ ಸೂಟ್‌ಕೇಸಿನಲ್ಲಿ ತರುತ್ತೇನೆ ಅಂದಿದ್ದರು. ಖಂಡಿತ ಬೇಡ. ಹೊರದೇಶದಿಂದ ಬೀಜ ತರಬೇಕಾದರೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎಲ್ಲ ಇರಬೇಕು. ಇದು ಬರೀ ಕಾಗದದ ಮಾತಲ್ಲ, ಬೀಜದ ಜೊತೆ ಬರುವ ಕಳೆ, ರೋಗ ನಮ್ಮ ಗದ್ದೆ ತೋಟಕ್ಕೆ ಇಳಿದರೆ ಆಮೇಲೆ ಯಾರೂ ವಾಪಸ್ ಕಳಿಸಲು ಆಗುವುದಿಲ್ಲ. ಇಲ್ಲಿಯೇ ಮಾರುವವರ ಹತ್ತಿರ ಚೀಟಿ ನೋಡಿ ತಗೊಳ್ಳಿ. ಚೀಟಿಯಲ್ಲಿ ತಳಿಯ ಹೆಸರು, ಮೊಳಕೆ ಪ್ರಮಾಣ, ಪರೀಕ್ಷೆಯ ತಾರೀಕು ಇರಬೇಕು. ಹಳೆ ಬೀಜ ನಮ್ಮ ತೇವದ ಹವೆಯಲ್ಲಿ ಬೇಗ ಸತ್ತು ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ನೂರು ಕಾಳು ಕಟ್ಟಿಟ್ಟು ಎಷ್ಟು ಮೊಳೆಯುತ್ತದೆ ಅಂತ ಎಣಿಸಿ, ಆಮೇಲೆ ಅಂಗಳಕ್ಕೆ ಹಾಕಿ.

ಬಿತ್ತಿದ್ದು ದೀಪಾವಳಿ ಕಳೆದ ಮೇಲೆ. ಅಕ್ಟೋಬರಿನ ಗುಡುಗು ಮಳೆ ಹಸಿ ಬೀಜವನ್ನು ಕೊಚ್ಚಿಕೊಂಡು ಹೋಗುತ್ತದೆ, ಡಿಸೆಂಬರ್ ಕೊನೆಗೆ ಬಿತ್ತಿದರೆ ಬೇಸಿಗೆಯೊಳಗೆ ಬೇರು ಇಳಿಯಲಿಕ್ಕೆ ಸಮಯ ಸಾಲದು. ನಡುವಿನ ಈ ಕಿಂಡಿಯೇ ನಮಗಿರುವುದು. ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ ನೋಡಿದಾಗ ಬೆಳಿಗ್ಗೆ 22, 23 ಡಿಗ್ರಿ ತೋರಿಸುತ್ತಿತ್ತು, ಮೊಳೆಯಲಿಕ್ಕೆ ಇದು ಸಾಕು. ಚದರ ಮೀಟರಿಗೆ 35 ಗ್ರಾಂ ಲೆಕ್ಕದಲ್ಲಿ 350 ಅಡಿಗೆ ಒಂದು ಕೆಜಿ ಚಿಲ್ಲರೆ ಬೀಜ. ಅದನ್ನು ಮರಳಿನಲ್ಲಿ ಕಲಸಿ ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಚೆಲ್ಲಿದರೆ ಎಲ್ಲ ಕಡೆ ಸಮ ಬೀಳುತ್ತದೆ. ಹಲ್ಲುಹಲಗೆಯಲ್ಲಿ ಮೆಲ್ಲಗೆ ಕೆದಕಿ ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚುವಂತೆ ಮಾಡಿ, ಕಾಲಲ್ಲಿ ತುಳಿದು ಒತ್ತಿ. ಮೇಲೆ ತೆಳ್ಳಗೆ ಭತ್ತದ ಹುಲ್ಲು, ಕೆಳಗಿನ ಮಣ್ಣು ಅರ್ಧ ಕಾಣುವಷ್ಟು ಮಾತ್ರ. ದಪ್ಪ ಹಾಸಿದರೆ ಮೊಳಕೆ ಕೊಳೆಯುತ್ತದೆ. ಅಕ್ಕನ ಕೋಳಿಗಳಿಗೆ ಈ ಬೀಜ ಇಷ್ಟ, ಮುನಿಯ ಹಕ್ಕಿಗಳೂ ಬರುತ್ತವೆ. ಮೊದಲ ಕೆಲ ದಿನ ಹಸಿರು ನೆಟ್ ಎಳೆದು ನಾಲ್ಕೂ ಕಡೆ ಕಲ್ಲಿಟ್ಟಿದ್ದೆವು.

ಒಂದರಿಂದ ಎರಡು ವಾರದಲ್ಲಿ ಮೊಳಕೆ ಬರುತ್ತದೆ. ಅಲ್ಲಿಯವರೆಗೆ ದಿನಕ್ಕೆ ಎರಡು ಮೂರು ಸಲ ಹನಿ ಹನಿಯಾಗಿ ಮೇಲ್ಮಣ್ಣು ಮಾತ್ರ ತೇವ ಮಾಡಬೇಕು. ಮೊಳೆತ ಮೇಲೆ ಈ ಕ್ರಮ ಪೂರ್ತಿ ಬದಲು. ಸಲ ಕಡಿಮೆ, ನೀರು ಜಾಸ್ತಿ. ವಾರಕ್ಕೆ ಒಟ್ಟು ಒಂದು ಇಂಚು, ಅಂದರೆ ಚದರ ಮೀಟರಿಗೆ 25 ಲೀಟರ್, ಎರಡು ಸಲಕ್ಕೆ ಹಂಚಿ. ನಮ್ಮ ಮೇಲಿನ ಭಾಗಕ್ಕೆ ವಾರಕ್ಕೆ ಸುಮಾರು 800 ಲೀಟರ್ ಆಯಿತು. ಸ್ಪ್ರಿಂಕ್ಲರ್ ಕೆಳಗೆ ನೇರ ಅಂಚಿನ ಸ್ಟೀಲ್ ಡಬ್ಬಿಗಳನ್ನು ಇಟ್ಟು ಅರ್ಧ ಇಂಚು ತುಂಬಲು ಎಷ್ಟು ಹೊತ್ತು ಬೇಕು ಅಂತ ಒಮ್ಮೆ ನೋಡಿಕೊಂಡರೆ ಆಮೇಲೆ ಗಡಿಯಾರ ನೋಡಿ ಬಿಡಬಹುದು. ನೀರು ಬೆಳಗಿನ ಜಾವವೇ ಬಿಡಬೇಕು. ಸಂಜೆ ಬಿಟ್ಟರೆ ರಾತ್ರಿಯೆಲ್ಲ ಎಲೆ ಒದ್ದೆ, ಮತ್ತೆ ಅದೇ ಶಿಲೀಂಧ್ರಕ್ಕೆ ಹಾಸಿಗೆ ಹಾಸಿದ ಹಾಗೆ.

ಮಲೆನಾಡಿನ ಚಳಿಗಾಲದಲ್ಲಿ ಇಬ್ಬನಿ ಬೇರೆ. ಹಲಸಿನ ಮರದ ಕಡೆ ಬೆಳಿಗ್ಗೆ ಎಷ್ಟೋ ಹೊತ್ತಿನವರೆಗೆ ಎಲೆ ಒಣಗುತ್ತಿರಲಿಲ್ಲ. ಗಾಲ್ಫ್ ಮೈದಾನಗಳಲ್ಲಿ ಉದ್ದ ಕೋಲು ಬೀಸಿ ಇಬ್ಬನಿ ಉದುರಿಸುತ್ತಾರೆ. ನಾವು ತೆಂಗಿನ ನಾರಿನ ದಪ್ಪ ಹಗ್ಗದ ಎರಡು ತುದಿ ಹಿಡಿದು ಹುಲ್ಲಿನ ಮೇಲೆ ಎಳೆದೆವು. ಎರಡೇ ನಿಮಿಷದ ಕೆಲಸ. ಭಾವ ಈಗ ಕಾಫಿಗೆ ಮುಂಚೆ ಇದನ್ನು ಮಾಡಿಯೇ ಒಳಗೆ ಹೋಗುವುದು. ಹಲಸಿನ ಮರದ ಕೆಳಗಿನ ಕೊಂಬೆಗಳನ್ನೂ ಎರಡಾಳು ಎತ್ತರದವರೆಗೆ ಕಡಿಸಿದ್ದೇವೆ, ಗಾಳಿ ಆಡಲಿ ಅಂತ.

ಕತ್ತರಿಸುವುದರಲ್ಲಿ ನಮ್ಮವರ ಅಭ್ಯಾಸವನ್ನು ಬದಲಾಯಿಸಬೇಕು. ಲಾನ್ ಅಂದರೆ ನೆಲಕ್ಕೆ ಹತ್ತಿರ ಬೋಳಿಸುವುದು ಅನ್ನುವ ಭಾವನೆ ಇದೆ, ಗರಿಕೆಗೆ ಅದು ಸರಿ. ಫೆಸ್ಕ್ಯೂವನ್ನು ಮೂರೂವರೆ ಇಂಚು ಎತ್ತರ ಉಳಿಸಿ. ಮೇಲೆ ಎಲೆ ಇದ್ದಷ್ಟು ಕೆಳಗೆ ಬೇರು, ಮಣ್ಣಿಗೂ ನೆರಳು. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ತೋಟಕ್ಕೆ ಬಳಸುವ ದಾರದ ವೀಡ್ ಕಟ್ಟರ್ ಇಲ್ಲಿ ಬೇಡವೇ ಬೇಡ. ಅದು ಎಲೆಯ ತುದಿಯನ್ನು ಹರಿದು ಬಿಡುತ್ತದೆ, ತುದಿ ಬಿಳಿಚಿಕೊಳ್ಳುತ್ತದೆ, ಎತ್ತರವೂ ಒಂದೇ ಸಮ ಬರುವುದಿಲ್ಲ. ಎತ್ತರ ಹೊಂದಿಸಲು ಬರುವ ತಿರುಗುವ ಬ್ಲೇಡಿನ ಮೋವರ್ ತಂದು, ಬ್ಲೇಡನ್ನು ಆಗಾಗ ಸಾಣೆ ಹಿಡಿಸುತ್ತೇವೆ. ಒದ್ದೆ ಇರುವಾಗ ಕತ್ತರಿಸುವುದಿಲ್ಲ.

ಈಗ ಒಂದು ಮುಖ್ಯ ವಿಷಯ, ದಯವಿಟ್ಟು ಗಮನ ಕೊಡಿ. ಕತ್ತರಿಸಿದ ಫೆಸ್ಕ್ಯೂ ಹುಲ್ಲನ್ನು ದನಕ್ಕೆ ಹಾಕಬೇಡಿ. ಕೊಟ್ಟಿಗೆ ಇರುವ ಮನೆಯಲ್ಲಿ ಹಸಿ ಹುಲ್ಲನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಆದರೆ ಕೆಂಟಕಿ 31ರಲ್ಲಿ, ಲಾನಿನ ಎಷ್ಟೋ ತಳಿಗಳಲ್ಲಿ ಹುಲ್ಲಿನ ಒಳಗೇ ಎಂಡೊಫೈಟ್ ಅನ್ನುವ ಶಿಲೀಂಧ್ರ ಬದುಕುತ್ತದೆ. ಹುಲ್ಲಿಗೆ ಅದರಿಂದ ಲಾಭ, ಎಲೆ ತಿನ್ನುವ ಹುಳ ಕಡಿಮೆ, ಬರ ತಡೆಯುವ ಶಕ್ತಿ ಜಾಸ್ತಿ. ದನಕ್ಕೆ ಅದು ವಿಷ. ಹಾಲು ಇಳಿಯುತ್ತದೆ, ಮೈ ಬಿಸಿ ಏರುತ್ತದೆ, ಸೆಕೆ ತಡೆಯಲು ಆಗುವುದಿಲ್ಲ, ಜಾಸ್ತಿ ತಿಂದರೆ ರಕ್ತ ಓಡದೆ ಗೊರಸು, ಬಾಲದ ತುದಿ ಕೊಳೆಯುವುದೂ ಉಂಟು. ಲಾನ್ ಬೀಜದ ಪ್ಯಾಕೆಟ್ಟಿನ ಮೇಲೆ ಎಂಡೊಫೈಟ್ ಇದೆ ಅಂತ ಹೊಗಳಿ ಬರೆದಿರುತ್ತಾರೆ, ಅಲ್ಲಿಯವರಿಗೆ ಅದು ಒಳ್ಳೆ ಗುಣ, ಅವರ ಅಂಗಳದಲ್ಲಿ ಹಸು ಇಲ್ಲ. ಅಕ್ಕನಿಗೆ, ಅಕ್ಕನ ಮಕ್ಕಳಿಗೆ, ಕೆಲಸದ ಅಣ್ಣನಿಗೆ ಎಲ್ಲರಿಗೂ ಇದನ್ನು ಕೂರಿಸಿ ಹೇಳಿದ್ದೇವೆ. ಸಣ್ಣಗೆ ಕತ್ತರಿಸಿದ್ದನ್ನು ಲಾನಿನ ಮೇಲೆಯೇ ಬಿಡುತ್ತೇವೆ, ಅದೇ ಗೊಬ್ಬರ ಆಗುತ್ತದೆ. ಜಾಸ್ತಿ ಇದ್ದರೆ ದನ ಬಾಯಿ ಹಾಕದ ಕಡೆ ಗುಂಡಿಗೆ.

ಯೂರಿಯಾ ಕೊಟ್ಟಿದ್ದು ಚಳಿಗಾಲದಲ್ಲಿ ಮಾತ್ರ. ಒಂದು ಸಲಕ್ಕೆ ಚದರ ಮೀಟರಿಗೆ 5 ಗ್ರಾಂ ಸಾರಜನಕ ಅಂದರೆ ಸುಮಾರು 11 ಗ್ರಾಂ ಯೂರಿಯಾ, ಅದನ್ನೂ ಎರಡು ಕಂತು ಮಾಡಿ, ಹಾಕಿದ ಮೇಲೆ ನೀರು ಬಿಟ್ಟು ಇಳಿಸಿದ್ದು. ಮೊದಲ ಕತ್ತರಿಕೆ ಆದ ಮೇಲೆ ಒಮ್ಮೆ, ಜನವರಿಯಲ್ಲಿ ಇನ್ನೊಮ್ಮೆ. ಫೆಬ್ರವರಿ ನಂತರ ಏನೂ ಇಲ್ಲ. ಮಳೆಗಾಲದಲ್ಲಿ ಹುಲ್ಲು ಹಳದಿ ಆಯಿತು ಅಂತ ಯೂರಿಯಾ ಎರಚುವುದು ನಮ್ಮಲ್ಲಿ ತುಂಬ ಜನ ಮಾಡುತ್ತಾರೆ. ಸೆಕೆ ಇರುವಾಗ ಸಾರಜನಕ ಕೊಟ್ಟರೆ ಬರುವ ಮೆದು ಎಲೆ ಬ್ರೌನ್ ಪ್ಯಾಚಿಗೆ ಮೊದಲ ತುತ್ತು.

ಜನವರಿ ಹೊತ್ತಿಗೆ ಅಂಗಳ ನೋಡಬೇಕಿತ್ತು. ದಟ್ಟ ಹಸಿರು, ಸ್ವಲ್ಪ ನೀಲಿ ಛಾಯೆ ಇರುವ ಹಸಿರು ಅದು, ನಮ್ಮ ಯಾವ ಹುಲ್ಲಿಗೂ ಆ ಬಣ್ಣ ಇಲ್ಲ. ಭಾವ ಬರಿಗಾಲಲ್ಲಿ ಓಡಾಡಿದರು. ಅವರು ಯಾಕೆ ಇಷ್ಟು ಹಟ ಹಿಡಿದಿದ್ದರು ಅಂತ ನನಗೆ ಆಗ ಅರ್ಥ ಆಯಿತು.

ಮಾರ್ಚ್‌ನಿಂದ ಮೇ ತನಕ ಬೆಳವಣಿಗೆ ನಿಂತು, ಬಣ್ಣ ಮಾಸಿತು. ಇದು ರೋಗವಲ್ಲ, ಸೆಕೆಗೆ ಮುದುಡಿಕೊಳ್ಳುವುದು. ಆಗ ಗೊಬ್ಬರ ಬೇಡ, ಎತ್ತರ ಇನ್ನೂ ಅರ್ಧ ಇಂಚು ಏರಿಸಿ, ವಾರದ ನೀರು ತಪ್ಪಿಸಬೇಡಿ. ಬಾವಿಯಲ್ಲಿ ಮನೆಗೇ ನೀರು ಸಾಲದ ಏಪ್ರಿಲಿನಲ್ಲಿ ಹುಲ್ಲಿಗೆ 800 ಲೀಟರ್ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಇಲ್ಲಿ ಹಳ್ಳದ ನೀರು ಮೇವರೆಗೂ ಇರುವುದರಿಂದ ನಡೆಯಿತು. ನಿಮ್ಮಲ್ಲಿ ಬೇಸಿಗೆ ನೀರು ಖಾತ್ರಿ ಇಲ್ಲದಿದ್ದರೆ ಈ ಹುಲ್ಲನ್ನು ಹಾಕಬೇಡಿ, ಆಕ್ಸೊನೋಪಸ್ ಅಥವಾ ಗರಿಕೆಯಲ್ಲೇ ಇರಿ.

ಜೂನಿನಲ್ಲಿ ನಿಜವಾದ ಪರೀಕ್ಷೆ. ಮೊದಲ ಜೋರು ಮಳೆಗೆ ನಾವೆಲ್ಲ ಜಗಲಿಯಲ್ಲಿ ನಿಂತು ಪೈಪಿನ ಬಾಯಿ ನೋಡುತ್ತಿದ್ದೆವು. ಕೆಂಪು ನೀರು ಬಂತು, ಆಮೇಲೆ ತಿಳಿಯಾಯಿತು, ಮಳೆ ನಿಂತು ಒಂದು ಗಂಟೆಯೊಳಗೆ ಅಂಗಳದಲ್ಲಿ ನೀರು ನಿಂತಿರಲಿಲ್ಲ. ಜುಲೈ ಕೊನೆಗೆ ಬ್ರೌನ್ ಪ್ಯಾಚ್ ಮತ್ತೆ ಕಾಣಿಸಿತು. ಬಾರದೇ ಇರುವುದಿಲ್ಲ. ಆದರೆ ಈ ಸಲ ಎಲೆ ಕಂದಾದರೂ ಬುಡ ಗಟ್ಟಿ ಇತ್ತು, ಕೈಯಲ್ಲಿ ಎಳೆದರೆ ಕಿತ್ತು ಬರುತ್ತಿರಲಿಲ್ಲ. ಮಳೆ ಬಿಡುವು ಕೊಟ್ಟಾಗ ಒಂದು ಸಲ ಅಜಾಕ್ಸಿಸ್ಟ್ರೋಬಿನ್ ಅನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ಹೊಡೆದೆವು, ಬೇರೆ ಏನೂ ಇಲ್ಲ.

ಸೆಪ್ಟೆಂಬರಿನಲ್ಲಿ ಒಂದು ಮೂಲೆಯ ಹುಲ್ಲು ಚಾಪೆ ಎತ್ತಿದಂತೆ ಸಲೀಸಾಗಿ ಎದ್ದು ಬಂತು. ಅದು ಶಿಲೀಂಧ್ರ ಅಲ್ಲ, ಗೊಣ್ಣೆ ಹುಳು. ಅಡಿಕೆ ಬೇರು ತಿನ್ನುವ ಜಾತಿಯದ್ದೇ, ಮುಂಗಾರು ಮಳೆಗೆ ದುಂಬಿ ಎದ್ದು ಮೊಟ್ಟೆ ಇಟ್ಟು, ಮರಿ ಬೇರು ತಿನ್ನುತ್ತದೆ. ಎಂಡೊಫೈಟ್ ಎಲೆ ತಿನ್ನುವ ಹುಳಕ್ಕೆ ಅಡ್ಡಿ ಮಾಡುವಷ್ಟು ಬೇರು ತಿನ್ನುವುದಕ್ಕೆ ಮಾಡುವುದಿಲ್ಲ. ಜಾಗ ಚಿಕ್ಕದು, ಅಗೆದು ಹುಳ ಹೆಕ್ಕಿ ಕೋಳಿಗಳಿಗೆ ಹಾಕಿದ್ದಾಯಿತು. ಇದನ್ನು ಬೇಗ ಗಮನಿಸಬೇಕು, ಇಲ್ಲದಿದ್ದರೆ ಆ ಹುಳಕ್ಕೋಸ್ಕರ ಕಾಡುಹಂದಿ ಬಂದು ಒಂದೇ ರಾತ್ರಿಯಲ್ಲಿ ಅಂಗಳ ಉತ್ತು ಹಾಕುತ್ತದೆ. ಪಕ್ಕದ ತೋಟದಲ್ಲಿ ಹಾಗೆ ಆಗಿದೆ.

ಮಳೆ ಮುಗಿದಾಗ ಅರ್ಧಕ್ಕಿಂತ ಜಾಸ್ತಿ ಬುಡ ಉಳಿದಿತ್ತು. ಹಿಂದಿನ ವರ್ಷ ಹೆಚ್ಚುಕಡಿಮೆ ಎಲ್ಲ ಹೋಗಿತ್ತು. ಖಾಲಿ ಜಾಗವನ್ನು ಕೆದಕಿ, ಸತ್ತ ಹುಲ್ಲು ಬಾಚಿ ತೆಗೆದು, ಕಳಿತ ಗೊಬ್ಬರ ಕಾಲು ಇಂಚು ಉದುರಿಸಿ, ಚದರ ಮೀಟರಿಗೆ 20 ಗ್ರಾಂ ಲೆಕ್ಕದಲ್ಲಿ ಮತ್ತೆ ಬೀಜ ಹಾಕಿದ್ದೇವೆ. ಪ್ರತಿ ವರ್ಷ ದೀಪಾವಳಿ ನಂತರ ಇದನ್ನು ಮಾಡಲೇಬೇಕು, ಭಾವನಿಗೂ ಅದು ಗೊತ್ತು. ಕಳೆಯಲ್ಲಿ ನಾಚಿಕೆ ಮುಳ್ಳು ಮತ್ತು ಕೊನ್ನಾರಿ ಜಾಸ್ತಿ ಕಾಟ. ಕೊನ್ನಾರಿಯನ್ನು ಗಡ್ಡೆ ಸಮೇತ ಕೈಯಲ್ಲೇ ಕೀಳಿಸುತ್ತಿದ್ದೇವೆ, ಎಳೆ ಫೆಸ್ಕ್ಯೂ ಮೇಲೆ ಕಳೆನಾಶಕ ಹೊಡೆಯಲು ನನಗೆ ಧೈರ್ಯ ಇಲ್ಲ.

ಈ ಮೇ ತಿಂಗಳಲ್ಲಿ ಆಗಬೇಕಾದ ಕೆಲಸ ಇಷ್ಟಿದೆ: ದೋಣಿಯಲ್ಲಿ ತುಂಬಿದ ಹಲಸಿನ ದರಗು ತೆಗೆಯುವುದು, ಪೈಪಿನ ಬಾಯಿಯ ಜಾಲರಿ ಬದಲಾಯಿಸುವುದು, ಮತ್ತೊಮ್ಮೆ ಮಣ್ಣು ಪರೀಕ್ಷೆಗೆ ಕಳಿಸಿ ರಸಸಾರ ಎಷ್ಟು ಏರಿದೆ ಅಂತ ನೋಡುವುದು. ಅದು 6 ಮುಟ್ಟಿರದಿದ್ದರೆ ಮಳೆ ಮುಗಿದ ಮೇಲೆ ಇನ್ನೊಂದು ಕಂತು ಡೋಲೊಮೈಟ್ ಹಾಕುತ್ತೇವೆ.